ನಮ್ಮತ್ತೆಯ ಚೀನಾ ಫೈಟಿಂಗು

ನೆನೆಸಿದ ಅವರೆಕಾಳು ಮುಂದಿಟ್ಟುಕೊಂಡು ಹಿತುಕುತ್ತಾ ಕೂತಿದ್ದೆ. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಟಪ್ಪನೆ ಚಿಮ್ಮಿ ಬೋಸಿಗೆ ಬೀಳುತ್ತದೆ, ಸಿಪ್ಪೆ ಕೈಗೆ ಅಂಟುತ್ತದೆ. ಆಗಲೇ ಫೋನು ಬಂತು. ಒದ್ದೆ ಬೆರಳಿಗೆ ಅದು ಒಲಿಯಲಿಲ್ಲ. ಕೊನೆಗೆ ಮೂಗಿನ ತುದಿಯಿಂದ ಒತ್ತಿದೆ.

ಚಿಕ್ಕಬಳ್ಳಾಪುರದ ಆಸ್ಪತ್ರೆಯಿಂದ ನಾದಿನಿ ಸುಜಾತ. "ಅತ್ತಿಗೇ, ಅಮ್ಮನ ಕಣ್ಣಿನ ಪಟ್ಟಿ ಬಿಚ್ಚಿದ್ರು," ಎಂದವಳೇ ಅಳಲು ಶುರುವಿಟ್ಟಳು.

"ಆಮೇಲೆ ಅಳುವಂತೆ ಕಣೇ, ಮೊದ್ಲು ಹೇಳು. ಕಾಣ್ತದಾ?"

"ಕಾಣ್ತದೆ ಅತ್ತಿಗೆ! ಡಾಕ್ಟ್ರು ಬೆರಳು ತೋರ್ಸಿ ಎಷ್ಟು ಅಂದ್ರೆ, 'ಎರಡು. ಉಳಿದಿದ್ದು ಯಾಕಪ್ಪ ಹಂಗೆ ಮಡಿಸ್ಕೊಂಡಿದೀಯ, ಚೀನಾ ಗುರು ಥರ?' ಅಂದ್ಲು."

ನಾನು ಅಲ್ಲೇ ಗೋಡೆಗೆ ಒರಗಿದೆ. ನಮ್ಮತ್ತೆಗೆ ಒಂದು ಕಣ್ಣು ಹೋಗಿ ವರ್ಷಗಳಾಗಿವೆ. ಉಳಿದ ಒಂದಕ್ಕೂ ಪೊರೆ ಬಂದು, ನಿನ್ನೆ ಆಪರೇಷನ್ನಾಗಿತ್ತು. ಇದೂ ಕೈಕೊಟ್ಟರೆ ಪೂರ್ತಿ ಕತ್ತಲೆ. ವಿದುರಾಶ್ವತ್ಥದ ನಾಗಪ್ಪನಿಗೆ ಹಾಲೆರೆಯುತ್ತೇನೆಂದು ಹರಕೆ ಹೊತ್ತು, ನಾನು ಬೆಳಗಿನಿಂದ ಬಾಯಿಗೆ ನೀರೂ ಬಿಟ್ಟಿರಲಿಲ್ಲ.

ಚೀನಾ ಗುರು ಯಾರು ಎಂದಿರಾ? ಹೇಳುತ್ತೇನೆ.

ನಾನು ದಿಬ್ಬೂರಹಳ್ಳಿ ಕಡೆಯ ಈ ಮನೆಗೆ ಸೊಸೆಯಾಗಿ ಬಂದಾಗ ರೇಷ್ಮೆ ಹುಳು ಸಾಕಿ ಗೊತ್ತಿರಲಿಲ್ಲ. ದೇವರ ಪೂಜೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಅದೇ ಮುಳುವಾಯಿತು. ಒಂದು ಶುಕ್ರವಾರ, ಹುಳುವೂ ಲಕ್ಷ್ಮಿಯೇ ಅಲ್ಲವೇ ಎಂದುಕೊಂಡು, ಹುಳು ಮನೆಯ ನಾಲ್ಕು ಮೂಲೆಗೂ ಊದುಬತ್ತಿ ಹಚ್ಚಿಟ್ಟು ಬಾಗಿಲು ಮುಚ್ಚಿ ಬಂದೆ. ಸಂಜೆಗೆ ಎರಡು ತಟ್ಟೆ ಹುಳು ಸೊಪ್ಪು ಮುಟ್ಟದೆ ಸೆಟೆದುಕೊಂಡಿದ್ದವು. ಅತ್ತೆ ಬೈಯಲಿಲ್ಲ. "ಹೊಗೆ ದೇವರಿಗೆ ಬೇಕು ಕಣಮ್ಮ, ಹುಳಕ್ಕೆ ಬೇಡ. ನಾಳೆಯಿಂದ ಕಸ ಗುಡಿಸು, ಸೊಪ್ಪು ಕತ್ತರಿಸು. ತಟ್ಟೆ ಮುಟ್ಬೇಡ," ಎಂದರು. ಬೈದಿದ್ದರೇ ವಾಸಿಯಿತ್ತು. ಹುಳುವಿನ ಎರಡು ಬೆಳೆ ಕಳೆದರೂ ತಟ್ಟೆ ಕೈಗೆ ಬರಲಿಲ್ಲ. ನಾನು ಮೂತಿ ಊದಿಸಿಕೊಂಡೇ ಗುಡಿಸಿದೆ.

ನಮ್ಮ ಕಡೆ ಟೀವಿಯಲ್ಲಿ ತೆಲುಗು ಚಾನೆಲ್ಲುಗಳೇ ಹೆಚ್ಚು. ಭಾನುವಾರ ಮಧ್ಯಾಹ್ನ ಹುಳಕ್ಕೆ ಸೊಪ್ಪು ಹಾಕಿ ಬಂದರೆ, ತೆಲುಗು ಮಾತಾಡುವ ಹಳೇ ಚೀನಾ ಸಿನಿಮಾ. ಅತ್ತೆ ಚಾಪೆ ಹಾಸಿ ಮುಂದೆಯೇ ಕೂರುತ್ತಿದ್ದರು. ಬಿಳಿ ಗಡ್ಡದ ಗುರು ಎರಡು ಬೆರಳು ಚಾಚಿ, ಉಳಿದವು ಮಡಿಸಿ, ಒಂದೇ ನೆಗೆತಕ್ಕೆ ಹಂಚಿನ ಮೇಲಿರುತ್ತಿದ್ದ. ಚಹಾ ಅಂಗಡಿಯ ಬೆಂಚುಗಳೆಲ್ಲ ಪುಡಿಯಾದರೂ ಅವನ ಕೈಯ ಚಹಾ ತುಳುಕುತ್ತಿರಲಿಲ್ಲ. "ಅಬ್ಬಾ, ಏಮಿ ಕೊಟ್ಟಾಡ್ರಾ! ಏನ್ ಹೊಡ್ದ!" ಎಂದು ಅತ್ತೆ ತೊಡೆ ತಟ್ಟುವರು. ಇಬ್ಬರು ಎದುರಾಗಿ ಕೈ ಜೋಡಿಸಿದರಂತೂ, "ನೋಡೇ, ಹೊಡೆಯೋಕ್ಮುಂಚೆ ಕೈ ಮುಗೀತಾರೆ. ನಮ್ಮೋರು ಹೊಡೆದ್ಮೇಲೂ ಮುಗಿಯಲ್ಲ," ಎನ್ನುವರು. ರೇಷ್ಮೆ ಮೊದಲು ಹುಟ್ಟಿದ್ದು ಚೀನಾದಲ್ಲೇ ಎಂದು ನಮ್ಮ ಯಜಮಾನರು ಹೇಳಿದ ದಿನ, "ಅದಕ್ಕೇ ಮತ್ತೆ ಅವರ ನಿಲುವಂಗಿ ಹಂಗೆ ಗಾಳೀಲಿ ಈಜೋದು," ಎಂದು ತೀರ್ಪು ಕೊಟ್ಟರು.

ಒಂದು ಸಿನಿಮಾದಲ್ಲಿ ಹುಡುಗನೊಬ್ಬ ವಿದ್ಯೆ ಕಲಿಯಲು ಬೆಟ್ಟದ ಗುಡಿಗೆ ಬರುತ್ತಾನೆ. ಗುರು ಅವನ ಕೈಗೆ ಕೊಟ್ಟದ್ದು ಪೊರಕೆ. ಗುಡಿಸಿದ, ನೀರು ಹೊತ್ತ, ಅಕ್ಕಿ ಕುಟ್ಟಿದ. ಅತ್ತೆ ನನ್ನ ಕಡೆ ತಿರುಗಿದರು. "ಅವನು ಮೂರು ವರ್ಷ ಹೊತ್ತವ್ನೆ. ನಿಂಗೆ ಎರಡು ಬೆಳೆಗೇ ಮೂತಿ ಹಿಂಗಾಗೋಯ್ತಾ?"

ಸಿಟ್ಟು ಮಾಡಲು ಹೋದೆ, ನಗು ಬಂತು. ಅವರೂ ನಕ್ಕರು. ಮುಂದಿನ ಬೆಳೆಗೆ, ಗೂಡು ಕಟ್ಟಲು ಹಣ್ಣಾದ ಹುಳು ಆರಿಸಲು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಬೆಳಕಿಗೆ ಹಿಡಿದರೆ ಮೈಯೊಳಗೆ ದೀಪವಿಟ್ಟಂತೆ ಕಾಣುವುದೇ ಹಣ್ಣು ಹುಳು.

ಆ ಸಿನಿಮಾಗಳು ನನಗೂ ಹಿಡಿಸಿದ್ದು ಹಾಗೆ. ನಮ್ಮ ಹೀರೋಗಳು ಹುಟ್ಟುವಾಗಲೇ ಹೊಡೆದಾಟ ಕಲಿತು ಬಂದಿರುತ್ತಾರೆ. ಅಲ್ಲಿ ಬೀಳುತ್ತಾರೆ, ಏಳುತ್ತಾರೆ, ಕಲಿಯುತ್ತಾರೆ. ಕಸಮುಸುರೆಗೆ ಅಷ್ಟು ಮರ್ಯಾದೆ ಕೊಟ್ಟ ಸಿನಿಮಾ ನಾನಂತೂ ಬೇರೆ ನೋಡಿಲ್ಲ.

ಪೊರೆ ದಪ್ಪವಾದ ಮೇಲೆ ಅತ್ತೆಗೆ ನಾನೇ ಸಿನಿಮಾ ಹೇಳಬೇಕಾಯಿತು.

"ಈಗೇನ್ ಮಾಡ್ದ?"

"ಎಗರಿದ ಅತ್ತೆ."

"ಎಲ್ಲಿಗೆ?"

"ಮಾಳಿಗೆ ಮೇಲಕ್ಕೆ. ಅಲ್ಲ, ಇಳಿದ. ಅಯ್ಯೋ, ಇವನು ಬೇರೆಯವನು!"

ನಾನು ಒಂದು ಒದೆ ಹೇಳುವಷ್ಟರಲ್ಲಿ ಅಲ್ಲಿ ನಾಲ್ಕು ಮುಗಿದಿರುತ್ತಿದ್ದವು. "ಆರ್ಸಮ್ಮ ಅದನ್ನ. ನೀನು ಹೇಳೋಷ್ಟರಲ್ಲಿ ಅವನು ಸತ್ತೇ ಹೋದ," ಎಂದರು ಒಂದು ದಿನ, ನಗುತ್ತಲೇ. ಆಮೇಲೆ ಟೀವಿ ಹಾಕು ಎಂದು ಕೇಳಲಿಲ್ಲ. ಮನೆಯಲ್ಲಿ ತಪ್ಪು ಹಿಡಿಯುವುದನ್ನೂ ಬಿಟ್ಟರು. ಸಾರಿನ ಬಣ್ಣ ಸರಿಯಿಲ್ಲ ಎಂದು ಯಾರೂ ಅನ್ನದ ಮೂರು ತಿಂಗಳು. ಯಾವ ಸೊಸೆಗಾದರೂ ಅದು ಸುಖವೆನಿಸಬೇಕು. ನನಗೆ ಮಾತ್ರ ಭಯವಾಗುತ್ತಿತ್ತು.

"ಅತ್ತಿಗೆ, ಕೇಳಿಸ್ತಿದ್ಯಾ?" ಸುಜಾತ ಇನ್ನೂ ಫೋನಿನಲ್ಲಿದ್ದಳು. "ನಾಳೆ ಕರ್ಕೊಂಡ್ ಬರ್ತೀನಿ. ತಗೋ, ಅಮ್ಮ ಮಾತಾಡ್ತಾಳಂತೆ."

"ಏನಮ್ಮ," ಎಂದರು ಅತ್ತೆ. ದನಿ ಹಳೆಯದೇ, ಗಟ್ಟಿ. "ಬಚ್ಚಲ ಹಂಡೆ ಉಜ್ಜಿದೀಯೋ, ಇಲ್ಲ ಮುದುಕಿಗೆ ಕಾಣಲ್ಲ ಅಂತ ಬಿಟ್ಟಿದೀಯೋ?"

"ಬಿಟ್ಟಿದೀನಿ ಅತ್ತೆ," ಎಂದೆ.

ಫೋನಿಟ್ಟು ದೇವರ ಮುಂದೆ ಒಂದು ಲೋಟ ನೀರಿಟ್ಟು ಕುಡಿದೆ. ನಾಗಪ್ಪಾ ತಂದೆ, ಒಂದು ಕಣ್ಣಾದರೂ ಉಳಿಸಿಕೊಟ್ಟೆಯಲ್ಲ. ಆಮೇಲೆ ಬಚ್ಚಲಿಗೆ ಹೋಗಿ ಹಂಡೆ ನೋಡಿದೆ. ತಾಮ್ರವೋ ಕಬ್ಬಿಣವೋ ತಿಳಿಯದಷ್ಟು ಕಪ್ಪಾಗಿತ್ತು. ಸೀರೆ ಎತ್ತಿ ಕಟ್ಟಿ, ಹುಣಿಸೆಹಣ್ಣು ನೆನೆಹಾಕಿದೆ.