ಬಿಡಿಸಿದೋರಿಗೇ ಬೀಗ

ಕಾಲೇಜು ಬಿಟ್ಟು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕಂಪ್ಯೂಟರ್ ರಿಪೇರಿ ಮಾಡ್ತಿದ್ದೆ. ಒಂದಿನ ಸೀರೆ ನೇಯೋ ಗೌರಮ್ಮನ ಮಗ್ಗ ನಿಂತೋಯ್ತು. ಅವರೇ ಬಿಡಿಸಿದ್ದ ನವಿಲಿನ ಬಾರ್ಡರ್ ಫೈಲ್ ತೆರೀತಾನೇ ಇಲ್ಲ. ಸೀರೆಗೆ ಆರ್ಡರ್ ಕೊಟ್ಟಿದ್ದ ಮದುವೆ ಮನೆಯೋರಿಗೆ ಅದೇ ಬಾರ್ಡರ್ ಬೇಕು. ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡ್ದೆ.

"ಆ ಹಳೇ ಸಾಫ್ಟ್‌ವೇರ್ ನಿಲ್ಲಿಸಿದೀವಿ ಸರ್. ಹೊಸ ಸಾಫ್ಟ್‌ವೇರ್ ತಗೊಳ್ಳಿ."

"ಅದ್ರಲ್ಲಿ ಹಳೇ ಡಿಸೈನ್ ಓಪನ್ ಆಗತ್ತಾ?"

"ಇಲ್ಲ ಸರ್."

"ಬೇರೆ ಕಂಪನಿಯದ್ರಲ್ಲಿ?"

"ಫೈಲ್ ಲಾಕ್ ಆಗಿರತ್ತೆ ಸರ್, ನಿಮ್ಮ ಸೇಫ್ಟಿಗೇ."

"ಯಾರಿಂದ ಸೇಫ್ಟಿ ಗುರು? ಬಿಡಿಸಿದೋರಿಂದ್ಲಾ?"

ಫೋನ್ ಕಟ್.

ಗೌರಮ್ಮ ಸಿಡುಕಿದ್ರು: "ಮುಂಚೆ ಡಿಸೈನಿಗೆ ತೂತು ಹೊಡೆದ ರಟ್ಟಿನ ಕಾರ್ಡ್ ಇತ್ತು ಕಣಪ್ಪಾ. ಪಕ್ಕದ ಮನೆ ಮಗ್ಗಕ್ಕೆ ಹಾಕಿದ್ರೂ ನೇಯ್ತಿತ್ತು. ಯಾವನ ಅಪ್ಪಣೆನೂ ಬೇಕಿರ್ಲಿಲ್ಲ."

ಹಿಂದೆ ನೇಯ್ದಿದ್ದ ಒಂದು ಸೀರೆಯ ಅಂಚು ಸ್ಕ್ಯಾನ್ ಮಾಡಿ, ಎಲ್ಲಿ ಬೇಕಾದ್ರೂ ತೆರೆಯೋ ಫೈಲಲ್ಲಿ ನವಿಲನ್ನ ಮತ್ತೆ ಬಿಡಿಸಿದ್ವಿ. ಅಷ್ಟರಲ್ಲಿ ಮದುವೆ ಮನೆಯೋರು ಸೀರೆ ಅಂಗಡಿಗೆ ಹೋಗ್ಬಿಟ್ಟಿದ್ರು. ಸಿಟ್ಟಿಗೆ ಗೌರಮ್ಮ ಆ ಫೈಲನ್ನ ಇಡೀ ಬೀದಿಯ ನೇಕಾರರಿಗೆ ಹಂಚಿಸಿದ್ರು.

ಸಂಜೆ ಕಂಪನಿಯಿಂದ ಮೆಸೇಜ್ ಬಂತು: ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡ್ತೀರಾ?

ಓದಿ ಹೇಳಿದೆ. ಗೌರಮ್ಮ ಕೇಳಿದ್ರು, "ಯಾವ ಸೇವೆಗಂತೆ?"

ಆ ಪ್ರಶ್ನೆನೇ ಟೈಪ್ ಮಾಡಿ ಕಳಿಸ್ದೆ. ಉತ್ತರ ಇನ್ನೂ ಬಂದಿಲ್ಲ, ಅದಕ್ಕೂ ಲಾಕ್ ಹಾಕಿರ್ಬೇಕು.