ಲಿಯಾವ್ ಅಕ್ಕ ಯಂತ್ರ ನಿಲ್ಲಿಸಿದ ಬೆಳಗು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಜಾಂಗ್‌ತಾನ್ ಪಟ್ಟಣದ ಹಿರಿಯ ಪ್ರೌಢಶಾಲೆಯಲ್ಲಿ ಎದ್ದಿರುವವರು ಇಬ್ಬರೇ. ಒಬ್ಬ ಗೇಟಿನ ಕಾವಲುಗಾರ, ಅವನೂ ಅರ್ಧ ನಿದ್ದೆಯಲ್ಲೇ. ಇನ್ನೊಬ್ಬರು ಲಿಯಾವ್ ಶಿಜೆನ್. ಮೆಟ್ಟಿಲ ಕೆಳಗಿನ ಅಚ್ಚಿನ ಕೋಣೆಯಲ್ಲಿ ಅವರು ಐನೂರು ಹಾಳೆಯ ಕಟ್ಟೊಂದನ್ನು ಬಿಚ್ಚಿ, ಆಚೀಚೆ ಬಾಗಿಸಿ, ಹೆಬ್ಬೆರಳಿನಿಂದ ಅಂಚುಗಳನ್ನು ಝರ್ರೆಂದು ಬಿಡಿಸಿ, ಮೇಜಿನ ಮೇಲೆ ಎರಡು ಸಲ ಕುಟ್ಟಿ ಸಮ ಮಾಡುತ್ತಾರೆ.

"ಒಳಗೆ ಗಾಳಿ ಹೋಗ್ಬೇಕು. ಇಲ್ದಿದ್ರೆ ಎರಡೆರಡು ಅಂಟ್ಕೊಂಡು ಓಡ್ತವೆ. ಯಾವುದೋ ಮಗೂಗೆ ಖಾಲಿ ಹಾಳೆ ಸಿಗುತ್ತೆ. ಪಾಪ, ಅದಕ್ಕೇನೋ ಖುಷಿನೇ" ಎನ್ನುತ್ತಾರೆ.

ಇವತ್ತಿನ ಹಾಳೆ ಇಂಗ್ಲಿಷಿನದು. ಎರಡು ಗದ್ಯ, ಎಂಟು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ. ಮೂರನೇ ವರ್ಷದ ಸಾವಿರದ ನೂರ ನಲವತ್ತು ಮಕ್ಕಳು ಆರೂವರೆಗೆ ತರಗತಿಗೆ ಬಂದು ಕೂರುವಷ್ಟರಲ್ಲಿ ಇದು ಅವರ ಮುಂದಿರಬೇಕು. ಯಂತ್ರದಿಂದ ಬಿದ್ದ ಮೊದಲ ಹಾಳೆಯನ್ನು ಲಿಯಾವ್ ಅಕ್ಕ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಮೇಲಿಂದ ಕೆಳಗಿನವರೆಗೂ ನೋಡುತ್ತಾರೆ. ಆಮೇಲೆಯೇ ಉಳಿದದ್ದಕ್ಕೆ ಅಪ್ಪಣೆ.

ಅವರಿಗೆ ಇಂಗ್ಲಿಷಿನ ಒಂದು ಪದವೂ ಓದಲು ಬರುವುದಿಲ್ಲ.

ಅವರು ಇನ್ನೂ ಇದೇ ಕೋಣೆಯಲ್ಲಿದ್ದಾರೆ ಎಂಬುದೇ ನನ್ನ ಮಟ್ಟಿಗೆ ದೊಡ್ಡ ಸುದ್ದಿ. ಕಳೆದ ಏಪ್ರಿಲಿನಲ್ಲಿ ಒಂದು ವಾರ ಕಾಲ, ಅವರ ಹತ್ತೊಂಬತ್ತು ವರ್ಷದ ಕೆಲಸ ಹೋಯಿತೆಂದೇ ಊರಲ್ಲಿ ಮಾತಿತ್ತು. ಅದೂ ಒಂದು ಹಾಳೆಯನ್ನು ನೋಡಿದ ತಪ್ಪಿಗೆ.

ನಾನೂ ಇದೇ ಶಾಲೆಯವನು. ಈ ಕೋಣೆಯಿಂದ ಬಂದ ಹಾಳೆಗಳ ಜೊತೆ ಮೂರು ವರ್ಷ ಗುದ್ದಾಡಿದವನು. ನಮ್ಮ ಕಾಲದ ಗದ್ಯಗಳಲ್ಲಿ ಯಾವಾಗಲೂ ಒಬ್ಬ ಮುದುಕಿ ಎಂಬತ್ತರ ವಯಸ್ಸಿನಲ್ಲಿ ಓಟಕ್ಕೆ ಹೆಸರು ಕೊಡುತ್ತಿದ್ದಳು. ಯಾವುದೋ ತಿಮಿಂಗಿಲ ದಾರಿ ತಪ್ಪುತ್ತಿತ್ತು. ಕೊನೆಗೆ ಬರಹಗಾರನ ಧೋರಣೆ ಏನು ಎಂದು ಕೇಳುತ್ತಿದ್ದರು. ಅವನ ಧೋರಣೆ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಸಿ ಎಂದು ಗುರುತು ಹಾಕಿ ಎದ್ದು ಬರುತ್ತಿದ್ದೆ. ಅದನ್ನು ಅಚ್ಚು ಹಾಕಿದವರು ಯಾರು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನಾಚಿಕೆಯ ವಿಷಯವೇ.

ಲಿಯಾವ್ ಅಕ್ಕನಿಗೆ ಈಗ ಐವತ್ತೆರಡು. ಓದಿದ್ದು ಐದನೇ ತರಗತಿಯವರೆಗೆ. ಹದಿನೇಳಕ್ಕೆ ದಕ್ಷಿಣದ ಶೂ ಕಾರ್ಖಾನೆಗೆ ಹೋದವರು, ಅಂಟಿನ ವಾಸನೆಗೆ ಎದೆ ಕೆಟ್ಟು ಊರಿಗೆ ಮರಳಿದರು. ಗಂಡ ಸಿಮೆಂಟ್ ಲಾರಿ ಓಡಿಸುತ್ತಾರೆ. ಇಲ್ಲಿ ಆಗ ಅಡುಗೆಮನೆಗೆ ಜನ ಬೇಕಾಗಿತ್ತು. ಬಂದ ಎರಡನೇ ತಿಂಗಳು ಅಚ್ಚಿನವನು ಬಿಟ್ಟು ಹೋದ ಎಂದು ಇವರನ್ನು ಯಂತ್ರದ ಮುಂದೆ ನಿಲ್ಲಿಸಿದರು. ಅಂದಿನಿಂದ ದಿನಕ್ಕೆ ಸರಾಸರಿ ಒಂಬತ್ತು ಸಾವಿರ ಹಾಳೆ. ಪರೀಕ್ಷೆಯ ವಾರದಲ್ಲಿ ಅದರ ಎರಡರಷ್ಟು. ಬಲಗೈ ಹೆಬ್ಬೆರಳಿನ ಗೆರೆಗಳು ಸವೆದು ಹೋಗಿ, ಶಾಲೆಯ ಬೆರಳಚ್ಚಿನ ಹಾಜರಿ ಯಂತ್ರ ಇವರನ್ನು ಗುರುತಿಸುವುದೇ ಇಲ್ಲ. "ಹತ್ತೊಂಬತ್ತು ವರ್ಷ ಬಂದ್ರೂ ಅದಕ್ಕೆ ನಾನ್ಯಾರು ಅಂತ ಗೊತ್ತಿಲ್ಲ ನೋಡಿ" ಎಂದು ನಗುತ್ತಾರೆ. ಕೆಲಸ ಕಾಯಂ ಅಲ್ಲ. ಪ್ರತಿ ಆಗಸ್ಟಿನಲ್ಲಿ ಒಂದು ವರ್ಷಕ್ಕೆ ಸಹಿ.

ಓದಲು ಬಾರದವರು ಹಾಳೆ ನೋಡುವುದಾದರೂ ಏನನ್ನು? ಅದನ್ನೇ ಕೇಳಿದೆ.

"ಆಕಾರ" ಎಂದರು. "ಗದ್ಯಗಳಿಗೆ ಎ, ಬಿ, ಸಿ, ಡಿ ಅಂತ ಹಾಕಿರ್ತಾರೆ. ಎ ಅಂದ್ರೆ ಪಟ್ಟಿ. ಎಲ್ಲಿ, ಯಾವಾಗ, ಟಿಕೆಟ್ ಎಷ್ಟು, ಅಂಥದ್ದು. ಬಿ ಅಂದ್ರೆ ಯಾರದೋ ಕಥೆ, ಅಲ್ಲಲ್ಲಿ ಮಾತಾಡಿರ್ತಾರೆ, ಚಿಕ್ಕ ಚಿಕ್ಕ ಸಾಲು. ಸಿ, ಡಿ ಅಂದ್ರೆ ಮಕ್ಕಳು ತಲೆ ಕೆರ್ಕೊಳ್ಳೋದು. ಉದ್ದುದ್ದ ಇರುತ್ತೆ, ಇಸವಿ ಇರುತ್ತೆ, ಶೇಕಡಾ ಇರುತ್ತೆ. ಪ್ರಶ್ನೆಗೆ ನಾಲ್ಕು ಉತ್ತರ ಇರ್ಬೇಕು, ಮೂರಿದ್ರೆ ಮೇಡಂಗೆ ಫೋನ್ ಮಾಡ್ತೀನಿ. ಅಷ್ಟೇ ವಿದ್ಯೆ."

ಅಷ್ಟೇ ಅಲ್ಲ. ಅಚ್ಚಾದ ಪ್ರತಿ ಹಾಳೆಯ ಒಂದೊಂದು ಪ್ರತಿಯನ್ನು ಅವರು ಎತ್ತಿಡುತ್ತಾರೆ. ಹಾಳೆ ಕಳೆದುಕೊಂಡ ಮಕ್ಕಳು ಅಳುಮೋರೆ ಹಾಕಿಕೊಂಡು "ಲಿಯಾವ್ ಚಿಕ್ಕಮ್ಮ, ಒಂದೇ ಒಂದು" ಎಂದು ಬಂದು ನಿಂತರೆ ಕೊಡಲು. ಅವಧಿ ಮುಗಿದ ಮೇಲೆ ಅವನ್ನೆಲ್ಲ ರದ್ದಿಗೆ ಹಾಕಬೇಕು ಎಂದು ಗೋಡೆಯ ಮೇಲಿನ ನಿಯಮ ಹೇಳುತ್ತದೆ. ಪರೀಕ್ಷೆಯ ಪತ್ರಿಕೆಯಾದರೆ ಅಚ್ಚಿನವರು ಅದರ ಒಳಗನ್ನು ನೋಡತಕ್ಕದ್ದಲ್ಲ, ಶಾಯಿ ಸರಿಯಿದೆಯೇ ಎಂದಷ್ಟೇ ನೋಡತಕ್ಕದ್ದು ಎಂದೂ ಹೇಳುತ್ತಿತ್ತು. ಲಿಯಾವ್ ಅಕ್ಕ ಮೊದಲನೆಯದನ್ನು ಗೊತ್ತಿದ್ದೇ ಮುರಿದರು. ಮೂರು ವರ್ಷದ ಹಾಳೆಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಮೇಜಿನ ಕೆಳಗೇ ಇದ್ದವು. ಎರಡನೆಯದನ್ನು ಮುರಿಯದೆ ಇರುವುದು ಅವರಿಂದ ಸಾಧ್ಯವೇ ಇರಲಿಲ್ಲ. ಕಣ್ಣಿಗೆ ಅಭ್ಯಾಸ ಬಿದ್ದು ಹೋಗಿತ್ತು.

ಏಪ್ರಿಲ್ ಎಂದರೆ ನಮ್ಮ ಜಿಯಾಂಗ್‌ಶಿ ಪ್ರಾಂತ್ಯದಲ್ಲಿ ಗೋಡೆ ಬೆವರುವ ಕಾಲ. ಕಾಗದ ತೇವ ಕುಡಿಯದಿರಲೆಂದು ಅಕ್ಕ ಕಟ್ಟುಗಳ ಪಕ್ಕ ಬಲ್ಬು ಉರಿಸಿಡುತ್ತಾರೆ. ಕಾಲೇಜು ಪ್ರವೇಶಕ್ಕಾಗಿ ಜೂನಿನಲ್ಲಿ ನಡೆಯುವ ದೊಡ್ಡ ಪರೀಕ್ಷೆಗೆ ಮುಂಚೆ ನಡೆಯುವ ಐದು ಶಾಲೆಗಳ ಜಂಟಿ ಪರೀಕ್ಷೆಗೆ ಆ ವರ್ಷ ಇಂಗ್ಲಿಷ್ ಪತ್ರಿಕೆ ತಯಾರಿಸುವ ಸರದಿ ನಮ್ಮ ಶಾಲೆಯದು. ತಯಾರಿಸಿದವರು ಪೆಂಗ್ ಚಿಯಾವ್ ಎಂಬ ಯುವ ಶಿಕ್ಷಕಿ. ಅಚ್ಚು ಹಾಕಬೇಕಾದವರು ಲಿಯಾವ್ ಅಕ್ಕ, ನಾಲ್ಕು ಸಾವಿರದ ನಾನೂರು ಪ್ರತಿ. ಬೆಳಗಿನ ಐದಕ್ಕೆ ಅವರ ಫೋನು ತೆಗೆದುಕೊಂಡು, ಬಾಗಿಲು ಮುಚ್ಚಿ, ಮೇಲೆ ಕಾಗದದ ಪಟ್ಟಿ ಅಂಟಿಸಿ ಮೊಹರು ಹಾಕಿದರು. ಹೊರಗೆ ಕುರ್ಚಿ ಹಾಕಿಕೊಂಡು ಕೂತವರು ಪಾಠ ವಿಭಾಗದ ಮುಖ್ಯಸ್ಥ ಗೋಂಗ್ ಸರ್. ಮಧ್ಯಾಹ್ನ ಹನ್ನೆರಡಕ್ಕೆ ಉಳಿದ ನಾಲ್ಕು ಶಾಲೆಗಳ ವಾಹನಗಳು ಬರುವುದಿತ್ತು. ಮರುದಿನ ಪರೀಕ್ಷೆ.

ಎಂಟು ಗಂಟೆ ದಾಟಿದಾಗ ಎರಡನೇ ಹಾಳೆಯ ಸಾವಿರದ ಆರುನೂರು ಪ್ರತಿ ಆಗಿತ್ತು. ಶಾಯಿ ನೋಡಲು ಒಂದನ್ನು ಎತ್ತಿಕೊಂಡ ಲಿಯಾವ್ ಅಕ್ಕ ಅಲ್ಲೇ ನಿಂತರು. ಡಿ ಗದ್ಯ. ಎರಡನೇ ಸಾಲಿನಲ್ಲಿ 1911. ನಡುವೆ ಶೇಕಡಾ 62. ಕೆಳಗೆ 1,374.

"ಈ ಅಂಕಿಗಳನ್ನ ನಾನು ನೋಡಿದ್ದೆ" ಎನ್ನುತ್ತಾರೆ. "ಅದಕ್ಕೂ ಒಂದೂವರೆ ವರ್ಷದ ಹಿಂದೆ, ಇದೇ ಮಕ್ಕಳು ಎರಡನೇ ವರ್ಷದಲ್ಲಿದ್ದಾಗ. ಆ ಸಲ ಸಿಗರೇಟು ಸುತ್ತೋ ಅಂಥ ತೆಳು ಕಾಗದ ತಂದ್ಕೊಟ್ಟಿದ್ರು. ಆ ಹಾಳೆ ಮೂವತ್ತು ಸಲ ಉರುಳೆಗೆ ಸಿಕ್ಕಾಕ್ಕೊಂತು. ಮೂವತ್ತು ಸಲ ನಾನೇ ಎಳೆದು ಬಿಡಿಸಿದ್ದು. ಸುಖವಾಗಿ ಅಚ್ಚಾಗಿದ್ದು ನೆನಪಿರಲ್ಲ. ಕಾಟ ಕೊಟ್ಟಿದ್ದು ಮರೆಯಲ್ಲ."

ಮೊಹರು ಹಾಕಿದ ಕೋಣೆಯಲ್ಲಿ ಅವರು ಲೆಕ್ಕ ಹಾಕಿದರು. ತಾವು ಹೇಳುವುದು ನಿಜವಾದರೆ, ನಮ್ಮ ಮಕ್ಕಳು ಉತ್ತರ ಸಮೇತ ಮಾಡಿ ಮುಗಿಸಿದ ಗದ್ಯವೇ ಜಂಟಿ ಪರೀಕ್ಷೆಗೆ ಹೋಗುತ್ತಿದೆ. ಉಳಿದ ನಾಲ್ಕು ಶಾಲೆಗಳು ಕಳ್ಳತನ ಎನ್ನುತ್ತವೆ, ಪೆಂಗ್ ಮೇಡಂ ಮುಗಿದು ಹೋಗುತ್ತಾರೆ. ತಾವು ಹೇಳುವುದು ಸುಳ್ಳಾದರೆ, ಪತ್ರಿಕೆ ನೋಡಿದ ಹೆಂಗಸು ಎಂದು ತಮ್ಮ ಕೆಲಸ ಹೋಗುತ್ತದೆ. ನಿಜವಾದರೂ ನೋಡಿದ್ದು ನೋಡಿದ್ದೇ. ಸುಮ್ಮನಿದ್ದರೆ ಮಾತ್ರ ಅವರಿಗೇನೂ ಆಗುತ್ತಿರಲಿಲ್ಲ. ಓದಲು ಬಾರದವರನ್ನು ಯಾರು ಕೇಳುತ್ತಾರೆ?

ಅವರು ಯಂತ್ರ ನಿಲ್ಲಿಸಿದರು. ನೆಲದ ಮೇಲೆ ಕೂತು ಪೆಟ್ಟಿಗೆಗಳನ್ನು ಎಳೆದು ಹುಡುಕತೊಡಗಿದರು.

ಇಪ್ಪತ್ತು ನಿಮಿಷವಾದ ಮೇಲೆ ಹೊರಗಿನಿಂದ ಗೋಂಗ್ ಸರ್ ಬಾಗಿಲು ತಟ್ಟಿದರು. "ಏನ್ ಲಿಯಾವ್, ಯಂತ್ರ ಯಾಕೆ ನಿಂತಿದೆ? ನಿದ್ದೆ ಹೊಡೀತಿದೀರಾ?"

"ಇಲ್ಲ ಸರ್. ಏನೋ ಹುಡುಕ್ತಿದೀನಿ."

"ಏನು?"

"ಸಿಕ್ಕಿದ ಮೇಲೆ ಹೇಳ್ತೀನಿ."

"ಹನ್ನೆರಡಕ್ಕೆ ಗಾಡಿ ಬರುತ್ತೆ. ಆಟ ಆಡ್ಬೇಡಿ."

ನಾಲ್ಕನೇ ಪೆಟ್ಟಿಗೆಯಲ್ಲಿ ಹಾಳೆ ಸಿಕ್ಕಿತು. ಬೇರೆ ಶೀರ್ಷಿಕೆ, ಬೇರೆ ಹೆಸರು. 1911, 62, 1,374 ಅದೇ. ಪ್ಯಾರಾಗಳ ಉದ್ದವೂ ಅದೇ. ಪರೀಕ್ಷೆಯ ಪತ್ರಿಕೆಯನ್ನು ಹೊರಗೆ ಕೊಡುವಂತಿಲ್ಲ. ಲಿಯಾವ್ ಅಕ್ಕ ಹಳೆಯ ಹಾಳೆಯನ್ನು ಬಾಗಿಲ ಕೆಳಗೆ ತಳ್ಳಿದರು.

"ಸರ್, ಇದನ್ನ ಪೆಂಗ್ ಮೇಡಂಗೆ ತೋರಿಸಿ."

ಗೋಂಗ್ ಸರ್ ಭೌತಶಾಸ್ತ್ರದವರು. ತಿರುವಿ ಮುರುವಿ ನೋಡಿದರು. "ಇದರಲ್ಲೇನಿದೆ? ಹಳೇ ಅಭ್ಯಾಸದ ಹಾಳೆ. ಇದು ನಿಮ್ಮ ಹತ್ರ ಯಾಕಿದೆ?"

"ಆಮೇಲೆ ಬೈಯಿರಿ ಸರ್. ಈಗ ಮೇಡಂನ ಕರೀರಿ. ನಾನೇನೂ ಹೇಳಲ್ಲ. ಅವ್ರ ಮುಖ ನೋಡಿ, ನಿಮಗೇ ಗೊತ್ತಾಗುತ್ತೆ."

ಪೆಂಗ್ ಮೇಡಂ ತರಗತಿಯ ನಡುವೆಯೇ ಬಂದರು. ಕೈಗೆ ಸೀಮೆಸುಣ್ಣದ ಪುಡಿ ಮೆತ್ತಿತ್ತು. ಹಾಳೆ ನೋಡಿದರು. ಮುಖದ ರಕ್ತ ಇಳಿದು ಹೋಯಿತು.

ಆದದ್ದು ಇಷ್ಟೇ. ಗದ್ಯ ಅವರೇ ಸಿದ್ಧಪಡಿಸಿ ಕಂಪ್ಯೂಟರಿನಲ್ಲಿ ಇಟ್ಟಿದ್ದು, ಮುಂದೆಂದಾದರೂ ಪರೀಕ್ಷೆಗೆ ಬರುತ್ತದೆಂದು. ಅಷ್ಟರಲ್ಲಿ ಹೆರಿಗೆ ರಜೆ. ಅವರ ಬದಲಿಗೆ ಬಂದವರು ಅದನ್ನು ಅಭ್ಯಾಸಕ್ಕೆ ಹಂಚಿ, ಹೇಳದೆ ಹೊರಟು ಹೋಗಿದ್ದರು. ಮಕ್ಕಳು ಫೋನಿನಲ್ಲಿ ಹುಡುಕಿ ಉತ್ತರ ತೆಗೆಯದಿರಲೆಂದು ನಮ್ಮ ಶಿಕ್ಷಕರೆಲ್ಲ ಶೀರ್ಷಿಕೆ, ಹೆಸರು ಬದಲಿಸುತ್ತಾರೆ. ಆಗ ಆ ಬದಲಿ ಶಿಕ್ಷಕರೂ ಬದಲಿಸಿದ್ದರು, ಈಗ ಪೆಂಗ್ ಮೇಡಂ ಕೂಡ. ಕಂಪ್ಯೂಟರಿನಲ್ಲಿ ಎಷ್ಟು ಹುಡುಕಿದರೂ ಎರಡೂ ಒಂದೇ ಎಂದು ಸಿಗುತ್ತಿರಲಿಲ್ಲ. ಅಂಕಿ ಬದಲಿಸುವ ಸೋಮಾರಿತನ ಮಾತ್ರ ಇಬ್ಬರಿಗೂ ಇತ್ತು. ಆ ಸೋಮಾರಿತನಕ್ಕೆ ನಾನು ಕೈಮುಗಿಯುತ್ತೇನೆ.

ಮುಂದಿನ ಒಂದು ಗಂಟೆಯಲ್ಲಿ ಪೆಂಗ್ ಮೇಡಂ ಬೇರೆ ಗದ್ಯ ತಂದರು. ಸಾವಿರದ ಆರುನೂರು ಹಾಳೆ ಚೂರಾದವು. ವಾಹನಗಳು ಎರಡು ಗಂಟೆ ಕಾದವು; ಚಾಲಕರಿಗೆ ಗೋಂಗ್ ಸರ್ ತಮ್ಮ ಜೇಬಿನ ದುಡ್ಡಲ್ಲೇ ಖಾರದ ಅಕ್ಕಿ ಶಾವಿಗೆ ಕೊಡಿಸಿದರು. ಪರೀಕ್ಷೆ ಸುಸೂತ್ರ ನಡೆಯಿತು. ಯಾವ ಮಗುವಿಗೂ ಏನೂ ಗೊತ್ತಾಗಲಿಲ್ಲ.

ಆದರೆ ಶಾಲೆಗೆ ಗೊತ್ತಿತ್ತು. ಶುಕ್ರವಾರ ಸಭೆ ಎಂದು ಲಿಯಾವ್ ಅಕ್ಕನಿಗೆ ಚೀಟಿ ಬಂತು. ಆ ಆರು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. "ಗಂಡ ಅಂದ್ರು, ಹೋದ್ರೆ ಹೋಗ್ಲಿ ಬಿಡು ಅಂತ. ಅವ್ರಿಗೇನು, ಲಾರಿ ಇದೆ. ನಾನು ಐದು ಗಂಟೆಗೆ ಎದ್ದು ಎಲ್ಲಿಗೆ ಹೋಗ್ಲಿ?"

ಸಭೆಯಲ್ಲಿ ಏನಾಯಿತೆಂದು ಗೋಂಗ್ ಸರ್ ನನಗೆ ಹೇಳಿದರು. ನಗದ ಮನುಷ್ಯ, ಅವತ್ತೂ ನಗಲಿಲ್ಲ. "ನಿಯಮದ ಪ್ರಕಾರ ಅವರದ್ದು ಎರಡು ತಪ್ಪು. ಹಳೇ ಹಾಳೆ ಇಟ್ಕೊಂಡಿದ್ದು, ಪತ್ರಿಕೆ ನೋಡಿದ್ದು. ಎರಡನ್ನೂ ಓದಿ ಹೇಳ್ದೆ, ಅದು ನನ್ನ ಕೆಲಸ. ಆಮೇಲೆ ಅಂದೆ, ನಮ್ಮದು ಒಂದೇ ತಪ್ಪು, ಆದ್ರೆ ಅದು ನಾಲ್ಕು ಸಾವಿರದ ನಾನೂರು ಮಕ್ಕಳ ಮೇಲೆ ಬೀಳ್ತಿತ್ತು. ಇವರ ಎರಡು ತಪ್ಪು ಇಲ್ದಿದ್ರೆ ನಾವ್ಯಾರೂ ಇವತ್ತು ಇಲ್ಲಿ ಕೂತಿರ್ತಿರಲಿಲ್ಲ. ತೆಗೆಯೋದಾದ್ರೆ ಮೊದಲು ನನ್ನ ತೆಗೀರಿ."

ಯಾರನ್ನೂ ತೆಗೆಯಲಿಲ್ಲ. ಹೊರಗೆ ವರಾಂಡದಲ್ಲಿ ಕಾದಿದ್ದ ಲಿಯಾವ್ ಅಕ್ಕನ ಬಳಿ ಪೆಂಗ್ ಮೇಡಂ ಓಡಿ ಬಂದು ಅಳುತ್ತಲೇ ತಬ್ಬಿಕೊಂಡರಂತೆ. "ಅವ್ರು ಅಳ್ತಿದ್ದಿದ್ದು ನೋಡಿ ಕೆಲಸ ಹೋಯ್ತು ಅಂದ್ಕೊಂಡೆ" ಎನ್ನುತ್ತಾರೆ ಅಕ್ಕ. "ಹೋಗ್ಲಿ ಬಿಡಿ ಮೇಡಂ ಅಂತ ನಾನೇ ಸಮಾಧಾನ ಮಾಡ್ದೆ. ಆಮೇಲೆ ಗೊತ್ತಾಯ್ತು ಇರೋದು ಅಂತ. ಆಗ ನಾನು ಅತ್ತೆ, ಅವ್ರು ಸಮಾಧಾನ ಮಾಡಿದ್ರು." ಅವತ್ತು ಮನೆಗೆ ಹೋಗಿ ಮಣ್ಣಿನ ಮಡಕೆಯಲ್ಲಿ ಕುದಿಸಿದ ಸೂಪನ್ನು ಎರಡು ಬಟ್ಟಲು ಕುಡಿದು, ಹಗಲಲ್ಲೇ ಮಲಗಿ ಗೊರಕೆ ಹೊಡೆದರಂತೆ. ಆಗಸ್ಟಿನ ಸಹಿ ಈ ಸಲ ಮೂರು ವರ್ಷಕ್ಕೆ ಆಗಿದೆ. ಇನ್ನೇನು ಆಸೆ ಎಂದರೆ, ಕಾಗದ ಇಡಲು ನೆಲದಿಂದ ಒಂದಡಿ ಎತ್ತರದ ಹಲಗೆ ಬೇಕು ಎನ್ನುತ್ತಾರೆ.

ನಾನು ಹೊರಡುವ ಹೊತ್ತಿಗೆ ಪೆಂಗ್ ಮೇಡಂ ಮೊಹರು ಮಾಡಿದ ಲಕೋಟೆ ಹಿಡಿದು ಬಂದರು. ಈ ಚಳಿಗಾಲದ ಜಂಟಿ ಪರೀಕ್ಷೆಯ ಪತ್ರಿಕೆ. ಸಭೆಯ ನಂತರ ಹೊಸ ಪದ್ಧತಿ: ಅಚ್ಚಿಗೆ ಮೊದಲು ಲಿಯಾವ್ ಅಕ್ಕ ಪತ್ರಿಕೆಯನ್ನು ಪೂರ್ತಿ ನೋಡಿ, ಜೊತೆಗಿನ ಫಾರಮಿನಲ್ಲಿ ಸಹಿ ಹಾಕಬೇಕು. ಅಕ್ಕ ಕೈ ತೊಳೆದು ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಲಕೋಟೆ ಒಡೆದರು. ಮೊದಲ ಪುಟದ ಮೇಲೆ ಬೆರಳು ನಿಧಾನವಾಗಿ ಇಳಿಯತೊಡಗಿತು. ನಾನು ತಿಳಿಯದೆ ಒಂದು ಹೆಜ್ಜೆ ಮುಂದಿಟ್ಟು ಕತ್ತು ಚಾಚಿದೆ.

ಲಿಯಾವ್ ಅಕ್ಕ ಅಂಗೈಯಿಂದ ಪುಟ ಮುಚ್ಚಿದರು.

"ಸ್ವಲ್ಪ ಆಚೆ ನಿಂತ್ಕೊಳ್ಳಿ" ಎಂದರು. "ಇದನ್ನ ನೀವು ನೋಡೋ ಹಾಗಿಲ್ಲ. ನಾನು ನೋಡ್ಬಹುದು."