ಬೂದು ಪರದೆಯ ಮೇಲೆ ಕೆಂಪು ಗೆರೆ

ಮಾರ್ಲಿಸ್ ಹೌಗೆನ್‌ಳ ಹೊಟ್ಟೆ ತುಂಬುವುದು ಬೇರೆಯವರ ತಪ್ಪುಗಳಿಂದ. ಅಮೆರಿಕದ ಡುಲೂತ್ ಎಂಬ ಊರಿನ ವಕೀಲರು ಸಾಕ್ಷಿಗಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳುವಾಗ ಕಾಲೀನ್ ಮಾಕಿ ಎಂಬ ಶೀಘ್ರಲಿಪಿಗಾರ್ತಿ ಪ್ರತಿ ಮಾತನ್ನೂ ಯಂತ್ರದಲ್ಲಿ ಬಡಿದುಕೊಳ್ಳುತ್ತಾಳೆ. ಆ ಪುಟಗಳು ಮಾರ್ಲಿಸ್‌ಗೆ ಬರುತ್ತವೆ. ಇವಳು ಟ್ಯಾಬ್ಲೆಟ್ಟಿನ ಪರದೆಯ ಮೇಲೆಯೇ ಪೆನ್ನಿನಿಂದ ಗುರುತು ಹಾಕಿ ಹಿಂದಕ್ಕೆ ಕಳಿಸಬೇಕು. ಕೆಂಪು ಗುರುತೆಂದರೆ ‘ತಿದ್ದು’. ನೀಲಿಯೆಂದರೆ ‘ಅನುಮಾನ, ಧ್ವನಿಮುದ್ರಣ ಹಾಕಿ ಮತ್ತೆ ಕೇಳು’. ಸಾಕ್ಷಿಯ ವ್ಯಾಕರಣ ಎಷ್ಟೇ ಹದಗೆಟ್ಟಿರಲಿ, ಆಡಿದ ಮಾತನ್ನು ಮುಟ್ಟುವಂತಿಲ್ಲ; ಚಿಹ್ನೆಗಳನ್ನು ಮಾತ್ರ ಮುಟ್ಟಬಹುದು. ಹೀಗೆ ಊರಿನವರ ಮಾತಿಗೆಲ್ಲ ಅಲ್ಪವಿರಾಮ ಹಂಚುವವಳಿಗೆ ಸ್ವಂತಕ್ಕೆ ಅಲ್ಪ ವಿರಾಮವೂ ಸಿಗುತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವಳ ಕಣ್ಣು ಮುಷ್ಕರ ಹೂಡಿತು. ಕಿಟಕಿಯಾಚೆ ಹಿಮದ ಹೊಳಪು, ಈಚೆ ಟ್ಯಾಬ್ಲೆಟ್ಟಿನ ಹೊಳಪು. ಮಧ್ಯಾಹ್ನದ ಹೊತ್ತಿಗೆ ಅಕ್ಷರಗಳೆಲ್ಲ ಇರುವೆಗಳಾಗಿ ಹರಿದಾಡುತ್ತಿದ್ದವು. ಡಾಕ್ಟರು ಹೊಳೆಯುವ ಪರದೆ ಬಿಡಿ, ಇಲ್ಲವೇ ಕೆಲಸ ಬಿಡಿ ಎಂದುಬಿಟ್ಟರು. ಕೆಲಸ ಬಿಟ್ಟರೆ ಮಾರ್ಲಿಸ್ ಮನೆಯಲ್ಲಿ ಯಾರ ತಪ್ಪು ಹುಡುಕುತ್ತಾಳೆಂಬುದು ಗಂಡ ವರ್ಲಿನ್‌ಗೆ ಚೆನ್ನಾಗಿ ಗೊತ್ತಿತ್ತು. ಹೊಸ ಸಾಧನ ಕೊಳ್ಳಬೇಕೆಂದು ಎಲ್ಲರಿಗಿಂತ ಮೊದಲು ಹೇಳಿದವನು ಅವನೇ.

ಮೊದಲು ತಂದದ್ದರಲ್ಲಿ ಪೆನ್ನು ಇಲ್ಲಿ ಊರಿದರೆ ಗೆರೆ ಅಲ್ಲಿ ಮೂಡುತ್ತಿತ್ತು. ಎರಡನೆಯದು ಪುಟ ತಿರುಗಿಸುವಷ್ಟರಲ್ಲಿ ಕಾಫಿ ಆರುತ್ತಿತ್ತು. ಮೂರನೆಯದರಲ್ಲಿ ಅಕ್ಷರ ದೊಡ್ಡದು ಮಾಡಿದರೆ ಹಾಕಿದ ಗುರುತೆಲ್ಲ ಪಕ್ಕದ ಸಾಲಿಗೆ ಜಾರುತ್ತಿತ್ತು. ಅಂಗಡಿಗೆ ಹಿಂದಿರುಗಿಸಲು ಪ್ರತಿ ಸಲವೂ ಪಕ್ಕದ ಮನೆಯವಳಾದ ನನ್ನ ಕಾರೇ ಆಗಬೇಕು. ವರ್ಲಿನ್ ಬಾಗಿಲಲ್ಲಿ ನಿಂತು, “ಹಿಂದಿರುಗಿಸೋ ಕೌಂಟರಲ್ಲಿ ನಿಂಗೊಂದು ಕುರ್ಚಿ ಹಾಕ್ಸಿದ್ದಾರಂತೆ, ಹೌದಾ?” ಎಂದು ಹೆಂಡತಿಯನ್ನು ಕೆಣಕಿದ.

“ನಿನ್ನನ್ನೂ ಅಲ್ಲೇ ಬಿಟ್ಟು ಬರ್ತಿದ್ದೆ. ರಸೀದಿ ಕಳ್ಕೊಂಡ್ಬಿಟ್ಟೆ,” ಎಂದಳು ಮಾರ್ಲಿಸ್.

ಕೊನೆಗೆ ಸಿಕ್ಕಿದ್ದು ಕಾಗದದಂಥ ಬೂದು ಪರದೆಯದು. ಹಿಂದಿನಿಂದ ಬೆಳಕಿಲ್ಲ, ಹೊಳಪಿಲ್ಲ. ಒಂದು ವಾರದಲ್ಲಿ ಇರುವೆಗಳು ಮತ್ತೆ ಅಕ್ಷರಗಳಾದವು. ಒಂದೇ ತೊಡಕೆಂದರೆ, ಅದರಲ್ಲಿ ಕೆಂಪು ಗೆರೆಯೂ ಬೂದು, ನೀಲಿ ಗೆರೆಯೂ ಬೂದು. ಕಾಲೀನ್‌ಳ ಕಂಪ್ಯೂಟರ್ ತಲುಪಿದ ಮೇಲಷ್ಟೇ ಅವು ತಮ್ಮ ನಿಜವಾದ ಬಣ್ಣ ತೋರಿಸುತ್ತಿದ್ದವು. ಯಾವ ಬಣ್ಣ ಆರಿಸಿದ್ದೇನೆಂಬುದನ್ನು ಇವಳೇ ನೆನಪಿಟ್ಟುಕೊಳ್ಳಬೇಕಿತ್ತು.

ನೆನಪಿಟ್ಟುಕೊಳ್ಳಲಿಲ್ಲ. ಹಿಮ ತಳ್ಳುವ ಗಾಡಿಯೊಂದು ಯಾರದೋ ಗ್ಯಾರೇಜಿಗೆ ನುಗ್ಗಿದ ಮೊಕದ್ದಮೆ. ಮೊದಲ ಪುಟದಲ್ಲೇ ಒಂದು ಅನುಮಾನ ಬಂದು ನೀಲಿ ಆರಿಸಿಕೊಂಡವಳು, ಕೊನೆಯ ಪುಟದವರೆಗೂ ನೀಲಿಯಲ್ಲೇ ಹೋದಳು. ಸೋಮವಾರ ಅವಳ ಅಡುಗೆಮನೆಯಲ್ಲಿ ನಾವು ಕಾಫಿ ಕುಡಿಯುತ್ತಿದ್ದಾಗ ಕಾಲೀನ್‌ಳ ಫೋನು ಬಂತು. ಸ್ಪೀಕರ್ ಹಾಕುವ ಅಗತ್ಯವೇ ಬೀಳಲಿಲ್ಲ.

“ಮಾರ್ಲಿಸ್, ತಲೆ ನೆಟ್ಟಗಿದ್ಯೇನೇ? ಇಡೀ ಫೈಲು ನೀಲಿ!”

“ನೀಲಿನಾ? ಅಯ್ಯೋ ದೇವ್ರೇ.”

“ಶನಿವಾರ, ಭಾನುವಾರ ಎರಡೂ ದಿನ ಕಿವಿಗೆ ಹೆಡ್‌ಫೋನ್ ಸಿಗಿಸ್ಕೊಂಡು ಕೂತಿದ್ದೆ. ಅಲ್ಪವಿರಾಮಕ್ಕೆ ಏನೇ ಸದ್ದು ಇರತ್ತೆ? ಆ ಡ್ರೈವರ್ ಉಸಿರೆಳೆದಿದ್ದು, ಮೂಗು ಸೀಟಿದ್ದು ಎಲ್ಲಾ ಬಾಯಿಪಾಠ ಆಗಿದೆ ನಂಗೆ!”

“ಶುರುನಲ್ಲೇ ಅನುಮಾನ ಬರ್ಲಿಲ್ವಾ ಮಾರಾಯ್ತಿ?”

ಕಾಲೀನ್‌ಳ ದನಿ ಇಳಿಯಿತು. “ಬಂತು. ಆದ್ರೆ ಇಷ್ಟು ವರ್ಷದಲ್ಲಿ ನಿನ್ನ ನೀಲಿ ಒಂದ್ಸಲಾನೂ ಸುಳ್ಳಾಗಿಲ್ಲ. ನನ್ನ ಕಿವೀನೇ ಹೋಯ್ತು ಅಂದ್ಕೊಂಡೆ.”

ಮಾರ್ಲಿಸ್ ಕಾಫಿಯನ್ನು ದೂರ ಸರಿಸಿದಳು. ಬೈಗುಳಕ್ಕಿಂತ ಈ ಮಾತು ಹೆಚ್ಚು ನಾಟಿತೆಂದು ಮುಖವೇ ಹೇಳುತ್ತಿತ್ತು.

“ಹಳೇದಕ್ಕೇ ವಾಪಸ್ ಬಾ,” ಎಂದಳು ಕಾಲೀನ್. “ಇಲ್ದಿದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗತ್ತೆ.”

“ಹಳೇದ್ರಲ್ಲಿ ನಿನ್ನ ಪುಟಾನೇ ಕಾಣಲ್ಲ ಕಣೇ! ಎಲ್ಲಾ ಕೆಂಪಲ್ಲೇ ಹಾಕ್ತೀನಿ. ಅನುಮಾನ ಇದ್ದ ಕಡೆ ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ.”

“ಚೆನ್ನಾಗಿದೆ! ವಕೀಲರು ಬಾಯಿಬಿಟ್ರೆ ಪ್ರಶ್ನೆ. ನೀನು ‘ಪ್ರಶ್ನೆಚಿಹ್ನೆ ಬಿಟ್ಟುಹೋಗಿದೆ, ಹಾಕು’ ಅಂತಿದ್ಯೋ, ‘ಮತ್ತೆ ಕೇಳು’ ಅಂತಿದ್ಯೋ, ನಂಗೆ ಹೇಗೆ ಗೊತ್ತಾಗ್ಬೇಕು?”

“ಸುತ್ತು ಹಾಕ್ತೀನಿ.”

“ಪೂರ್ಣವಿರಾಮಕ್ಕೆ ಸುತ್ತು ಹಾಕ್ತೀಯಲ್ಲ!”

“ನಕ್ಷತ್ರ?” ಎಂದು ವರ್ಲಿನ್ ಒಳಕೋಣೆಯಿಂದ ಕೂಗಿದ.

“ನೀನು ಸುಮ್ನಿರು!” ಎಂದರು ಇಬ್ಬರೂ. ಬೆಳಿಗ್ಗೆಯಿಂದ ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಇದು.

ಮಾರ್ಲಿಸ್ ಬೂದು ಪರದೆಯನ್ನು ಎತ್ತಿಕೊಂಡಳು. ಮತ್ತೆ ಅಂಗಡಿಗೇನೋ ಎಂದು ನಾನು ಕಾರಿನ ಕೀಲಿಗೆ ಕೈಹಾಕಿದೆ. ಅವಳು ಅದನ್ನು ಎದೆಗವಚಿಕೊಂಡು ಹೇಳಿದಳು: “ಕಾಲೀನ್, ಇದು ಹೋಗಲ್ಲ. ಕೆಂಪು ಮಾತ್ರ ಕಳಿಸ್ತೀನಿ. ಅನುಮಾನ ಎಲ್ಲಾ ನನ್ನ ಹತ್ರಾನೇ ಇರತ್ತೆ. ಸಾಯಂಕಾಲ ಫೋನ್ ಮಾಡು, ಆ ಜಾಗಗಳನ್ನ ನಂಗೂ ಕೇಳ್ಸು.”

“ದಿನಾನಾ?”

“ಅನುಮಾನ ದಿನಾ ಬರತ್ತಲ್ಲ.”

ಕಾಲೀನ್ ಬೈದುಕೊಂಡೇ ಒಪ್ಪಿದಳು. ಈಗ ಊಟದ ಹೊತ್ತಿಗೆ ಸರಿಯಾಗಿ ಫೋನು ಗುಣುಗುಟ್ಟುತ್ತದೆ. ವರ್ಲಿನ್ ತಣ್ಣಗಾದ, ಮಾಂಸ-ಆಲೂಗಡ್ಡೆಯ ಹಾಟ್‌ಡಿಶ್‌ನ ಮುಂದೆ ಫೋರ್ಕು ಹಿಡಿದು ಕಾಯುತ್ತಾನೆ. ಮಾರ್ಲಿಸ್ ಕಣ್ಣು ಮುಚ್ಚಿಕೊಂಡು ಸೋಫಾಕ್ಕೆ ಒರಗಿರುತ್ತಾಳೆ. ಫೋನಿನೊಳಗೆ ಯಾರೋ ಅಪರಿಚಿತ ಕೆಮ್ಮುತ್ತಾ ತಾನು ಬ್ರೇಕ್ ಒತ್ತಿದ್ದರ ಬಗ್ಗೆಯೋ ಒತ್ತದೇ ಇದ್ದುದರ ಬಗ್ಗೆಯೋ ಗೊಣಗುತ್ತಾನೆ.

“ಇನ್ನೊಂದ್ಸಲ ಹಾಕು.”

“ಸಾಕು ಬಿಡೇ, ಒತ್ತಿದೆ ಅಂತಾನೇ ಅಂದಿದ್ದು!”

“ಹಾಕು ಅಂದ್ರೆ ಹಾಕು, ಕಾಲೀನ್.”